ಮರದ ಗಿಲಕಿ

ಟಕ್ ಅಂತ ಒಂದು ಸದ್ದು. ಆಮೇಲೆ ಏನೋ ಸಣ್ಣದು ನೆಲದ ಮೇಲೆ ಉರುಳಿಕೊಂಡು ಹೋಗಿ, ಗೋಡೆಗೆ ತಾಗಿ ಸುಮ್ಮನಾಯಿತು.

ಮಗು ಹುಟ್ಟಿದಾಗಿನಿಂದ ಅವಳದು ಕೋಳಿನಿದ್ದೆ. ಪಕ್ಕದಲ್ಲಿ ಗಂಡ ಗೊರಕೆ ಹೊಡೆಯುತ್ತಿದ್ದ. ತಲೆಯ ಮೇಲೆ ಸೂರು ಕಳಚಿ ಬಿದ್ದರೂ ಏಳುವ ಆಸಾಮಿಯಲ್ಲ. ಅವಳು ದೀಪ ಹಾಕಿದಳು. ಕಟಕಟೆಯ ತೊಟ್ಟಿಲಲ್ಲಿ ಮಗು ಎದ್ದು ಕೂತಿತ್ತು. ಅದರ ಕೈಯಲ್ಲಿದ್ದ ಮರದ ಗಿಲಕಿ ಒಂದು ಕಡೆಯ ಮುಚ್ಚಳ ಕಳಚಿಕೊಂಡು ಬಾಯಿ ತೆರೆದಿತ್ತು. ಹಾಸಿನ ಮೇಲೆ ಕಡಲೆಕಾಳಿನ ಗಾತ್ರದ ಮಣಿಗಳು ಚೆಲ್ಲಿದ್ದವು. ಮಗುವಿನ ಒಂದು ಕೆನ್ನೆ ಉಬ್ಬಿತ್ತು.

ಅವಳು ಕಿರುಚಲಿಲ್ಲ. ಕಿರುಚಿದರೆ ಮಗು ಬೆಚ್ಚಿ ಉಸಿರು ಎಳೆದುಕೊಳ್ಳುತ್ತದೆ, ಕೆನ್ನೆಯಲ್ಲಿರುವುದು ಗಂಟಲಿಗೆ ಇಳಿಯುತ್ತದೆ. ತೊಟ್ಟಿಲ ಬಳಿ ಕೂತು, ಮುಖದ ತುಂಬ ನಗು ತಂದುಕೊಂಡು, "ಪುಟ್ಟೀ, ಆ..." ಎಂದು ತಾನೇ ಬಾಯಿ ತೆರೆದಳು. ಊಟ ಮಾಡಿಸುವಾಗ ದಿನವೂ ಆಡುವ ಆಟ. ಪುಟ್ಟಿಯೂ "ಆ" ಎಂದಿತು. ನಾಲಿಗೆಯ ಮೇಲೆ ಕೆಂಪು ಮಣಿ ಹೊಳೆಯಿತು. ಮಗುವನ್ನು ಮೆಲ್ಲಗೆ ಮುಂದಕ್ಕೆ ಬಗ್ಗಿಸಿದಳು. ಮಣಿ ಜೊಲ್ಲಿನ ಜೊತೆ ಅವಳ ಅಂಗೈಗೆ ಬಿತ್ತು.

ಆಮೇಲೆ ಹಾಸಿನ ಮೇಲಿದ್ದ ಮಣಿಗಳನ್ನೂ ಗೋಡೆಯ ಬಳಿಗೆ ಉರುಳಿದ್ದನ್ನೂ ಹೆಕ್ಕಿದಳು. ಗಂಡನನ್ನು ಎಬ್ಬಿಸಲಿಲ್ಲ.

ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಸೋಮವಾರದಿಂದ ಮತ್ತೆ ಕೆಲಸಕ್ಕೆ ಹೋಗಬೇಕು. ಮಗು ಅತ್ತೆಯ ಕೈಯಲ್ಲಿ. ಅದಕ್ಕೆ ಅವಳು ಹಾಕಿದ್ದ ಷರತ್ತು ಒಂದೇ: ಮಗುವಿನ ಕಣ್ಣಿಗೆ ಫೋನು ಬೀಳಬಾರದು. ನಾದಿನಿಯ ಮಗ ಫೋನು ಕಿತ್ತುಕೊಂಡರೆ ತಲೆಯನ್ನು ನೆಲಕ್ಕೆ ಚಚ್ಚಿಕೊಳ್ಳುವುದನ್ನು ಅವಳು ಕಣ್ಣಾರೆ ನೋಡಿದ್ದಳು. ಫೋನು ಬೇಡ ಅಂದ ಮೇಲೆ ಆಟಿಕೆ ಬೇಕಲ್ಲ. ಒಂದೊಂದನ್ನೂ ಅವಳು ಹೆಣ್ಣು ನೋಡುವವರ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿ ತರುತ್ತಿದ್ದಳು. ಬಣ್ಣ ಬಿಡುತ್ತದಾ, ಅಂಚು ಚುಚ್ಚುತ್ತದಾ, ಹೊಲಿಗೆ ಬಿಚ್ಚುತ್ತದಾ. ಒಂದು ರಟ್ಟಿನ ಕೊಳವೆ ಇಟ್ಟುಕೊಂಡಿದ್ದಳು. ಅದರೊಳಗೆ ತೂರುವ ಯಾವ ವಸ್ತುವೂ ಮಗುವಿನ ಹತ್ತಿರ ಸುಳಿಯುವಂತಿಲ್ಲ.

"ನನ್ನನ್ನೂ ಒಂದ್ಸಲ ತೂರಿಸಿ ನೋಡಿಬಿಡು," ಎನ್ನುತ್ತಿದ್ದ ಗಂಡ.

ಅತ್ತೆ ದರ್ಜಿ. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದವರು. ಅವರ ಗುಂಡಿ ಡಬ್ಬಿ ಸೊಸೆಯ ದೆಸೆಯಿಂದ ಅಟ್ಟ ಸೇರಿತ್ತು. "ನಿನ್ನ ಗಂಡ ಆ ಡಬ್ಬಿ ಜೊತೇಲೇ ಬೆಳೆದೋನು. ಒಂದೆರಡು ನುಂಗಿದ್ರೂ ನುಂಗಿರಬಹುದು, ನಾನೇನು ಲೆಕ್ಕ ಇಟ್ಟಿಲ್ಲ," ಎಂದು ನಕ್ಕಿದ್ದರು. ಒಲೆಯ ಮೇಲೆ ಮಗುವಿನ ಸಾಮಾನು ಸದಾ ಕುದಿಯುವ ಪಾತ್ರೆಯನ್ನು ನೋಡಿ, "ನಾನು ಇಲ್ಲಿಗೆ ಬಂದ ದಿನ ನನ್ನನ್ನೂ ಕುದಿಸಿಯೇ ಒಳಗೆ ಬಿಟ್ಕೊಳ್ತೀಯೇನೋ ಅಂದ್ಕೊಂಡಿದ್ದೆ," ಎಂದೂ ಅಂದಿದ್ದರು. ಬಾಯಿ ಜೋರು, ಆದರೆ ಹೇಳಿದ ಮಾತು ಮೀರುವವರಲ್ಲ. ಫೋನನ್ನು ತಾವೇ ಅಡುಗೆಮನೆಯ ಮೇಲಿನ ಕಪಾಟಿನಲ್ಲಿಟ್ಟು, ಮಗು ಮಲಗಿದ ಮೇಲೆ ಸ್ಟೂಲು ಹತ್ತಿ ತೆಗೆಯುತ್ತಿದ್ದರು.

ಬೆಳಿಗ್ಗೆ ಮೇಜಿನ ಮೇಲೆ ಗಿಲಕಿಯ ಎರಡು ಹೋಳುಗಳನ್ನೂ ಮಣಿಗಳನ್ನೂ ಇಟ್ಟು ಅವಳು ನಡೆದದ್ದನ್ನು ಹೇಳಿದಳು.

"ನಿನ್ನೆ ಇದು ಕೆಳಗೆ ಬಿದ್ದಿತ್ತಾ, ಅತ್ತೆ?"

ಅತ್ತೆ ಮಣಿಯನ್ನು ನೋಡಿದರು, ಮಗುವನ್ನು ನೋಡಿದರು. "ಬಿತ್ತು. ಸಂಜೆ, ನನ್ನ ಕೈಯಿಂದಲೇ. ಎತ್ತಿ ಅಲ್ಲಾಡಿಸಿ ನೋಡ್ದೆ, ಗಟ್ಟಿಯಾಗೇ ಇತ್ತು."

"ಬಿದ್ದಿದ್ದನ್ನ ನಂಗೆ ಹೇಳಬೇಕಿತ್ತು."

"ಹೇಳಬೇಕಿತ್ತು."

ಅಷ್ಟೇ. ಅತ್ತೆ ಎದುರುತ್ತರ ಕೊಡದೆ ಇದ್ದದ್ದು ಇದೇ ಮೊದಲು. ತಮ್ಮ ಬಲಗೈಯನ್ನು ಎತ್ತಿ ಬೆಳಕಿಗೆ ಹಿಡಿದರು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಅದು ಹೊಸದೇನಲ್ಲ, ಸೂಜಿಗೆ ದಾರ ಪೋಣಿಸುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಆದರೆ ಅವರು ಆ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದರು.

ಗಂಡ ಮುಚ್ಚಳವನ್ನು ಕೂರಿಸಿ ನೋಡಿ, ತೆಗೆದು, "ಇಷ್ಟೆಲ್ಲ ಅಳೆದು ತೂಗಿ ತಂದಿದ್ದು ಇದೇನಾ? ಇದಕ್ಕಿಂತ ಫೋನೇ ವಾಸಿ ಕಣೇ. ಅದರಿಂದ ಮಣಿಯಂತೂ ಉದುರಲ್ಲ," ಅಂದ.

"ಬಿದ್ದಿದ್ದಕ್ಕೆ ಒಡೆದಿದೆ. ಆಟಿಕೆ ತಪ್ಪಲ್ಲ," ಎಂದಳು ಅವಳು.

ತನ್ನನ್ನು ಉಳಿಸಿಕೊಳ್ಳಲು ತಪ್ಪನ್ನು ಯಾರ ಮೇಲೆ ಹಾಕಿದೆ ಎಂದು ಹೊಳೆದದ್ದು ಮಾತು ಬಾಯಿಂದ ಜಾರಿದ ಮೇಲೆ. ಅತ್ತೆ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದರು. ನೀರು ಬಹಳ ಹೊತ್ತು ಸುಮ್ಮನೆ ಹರಿಯಿತು.

ಮಧ್ಯಾಹ್ನ ಗಂಡ ಮಗುವನ್ನು ಎತ್ತಿಕೊಂಡು ಬೀದಿಗೆ ಹೋದಾಗ ಅವಳು ಬೀರುವಿನಿಂದ ಮರದ ಮೀನನ್ನು ತೆಗೆದಳು. ಗಿಲಕಿಯ ಜೊತೆಗೇ, ಅದೇ ಅಂಗಡಿಯಲ್ಲಿ ಕೊಂಡದ್ದು. ಅದರ ಹೊಟ್ಟೆಯಲ್ಲೂ ಮಣಿ. ಇನ್ನೂ ಮಗುವಿಗೆ ಕೊಟ್ಟಿರಲಿಲ್ಲ. ಎಸೆದುಬಿಡೋಣವೆಂದುಕೊಂಡಳು. ಎಸೆಯುವ ಮೊದಲು ನೋಡೋಣ ಎನಿಸಿತು. ಬಾಲ ಹಿಡಿದು ಜಗ್ಗಿದಳು, ಬಲವಾಗಿ ತಿರುಚಿದಳು, ನೆಲಕ್ಕೆ ಎರಡು ಸಲ ಕುಕ್ಕಿದಳು. ಜಪ್ಪಯ್ಯ ಎನ್ನಲಿಲ್ಲ. ಸರಿ, ಇದನ್ನು ಕೊಡಬಹುದು. ಕೊಡುವ ಮುಂಚೆ ಮಾಡುವುದನ್ನು ಕೈ ತಾನಾಗಿಯೇ ಮಾಡಿತು: ಪಾತ್ರೆಗೆ ನೀರು, ಒಲೆಗೆ ಬೆಂಕಿ, ನೀರೊಳಗೆ ಮೀನು. ಬಾಟಲಿ, ಚಮಚ, ಹಲ್ಲು ಬರುವಾಗ ಕಚ್ಚುವ ಉಂಗುರ, ಗಿಲಕಿ, ಎಲ್ಲವನ್ನೂ ಹೀಗೆಯೇ ಕುದಿಸಿ ಆರಿಸಿ ಕೊಟ್ಟಿದ್ದಳು. ಗಿಲಕಿಯನ್ನಂತೂ ದಿನ ಬಿಟ್ಟು ದಿನ.

ನೀರು ಕುದಿಯಿತು. ಮೀನಿನ ಬಾಲದ ಬುಡದ ಸುತ್ತ, ಕೂಡಿಸಿದ ಗೆರೆಯ ಉದ್ದಕ್ಕೂ, ಸಾಸಿವೆಯಂಥ ಗುಳ್ಳೆಗಳು ಎದ್ದವು. ಆಮೇಲೆ ಆ ಗೆರೆಯಿಂದ ಮಸುಕು ಹಳದಿಯ ಅಂಟು ಎಳೆಯಾಗಿ ಬಿಚ್ಚಿಕೊಂಡಿತು. ಚಿಮಟಿಗೆಯಲ್ಲಿ ಎತ್ತಿದಳು. ಬಾಲ ಪಾತ್ರೆಯಲ್ಲೇ ಉಳಿಯಿತು. ಮಣಿಗಳು ಒಂದರ ಹಿಂದೆ ಒಂದು ನೀರಿಗೆ ಉದುರಿದವು.

ಅಂಗಡಿಯಾಕೆ ಕಾಗದದಲ್ಲಿ ಸುತ್ತಿಕೊಡುತ್ತ ಹೇಳಿದ್ದಳು: ಒದ್ದೆ ಬಟ್ಟೇಲಿ ಒರೆಸಿ ಸಾಕು, ನೀರಲ್ಲಿ ನೆನೆಸಬೇಡಿ. ಅವಳು ತಲೆ ಆಡಿಸಿದ್ದಳು. ಎಷ್ಟು ಜನರ ಕೈ ಮುಟ್ಟಿದ್ದೋ ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದಳು.

ಅವಳು ಒಲೆ ಆರಿಸಿದಳು. ಗಂಡನಿಗೆ ಹೇಳಿದರೆ ಏನಾಗುತ್ತದೆಂದು ಗೊತ್ತಿತ್ತು. ಮೊದಲು ನಗುತ್ತಾನೆ, ಆಮೇಲೆ, ನಿನ್ನ ಅತಿಯಿಂದಲೇ ಮಗು ಸಾಯುತ್ತಿತ್ತು ಎನ್ನುತ್ತಾನೆ. ಅವನು ಹೇಳುವುದು ಸುಳ್ಳೂ ಆಗಿರುವುದಿಲ್ಲ. ಮುಂದೆ ಅವಳ ಯಾವ ಮಾತಿಗೂ ಈ ಮನೆಯಲ್ಲಿ ಕಾಸಿನ ಬೆಲೆ ಇರುವುದಿಲ್ಲ. ಎರಡೇ ದಿನದಲ್ಲಿ ಫೋನು ಕಪಾಟಿನಿಂದ ಇಳಿಯುತ್ತದೆ.

ಬಾಗಿಲ ಸದ್ದಾಯಿತು. ಗಂಡ ಮಗುವನ್ನು ತಂದು ಚಾಪೆಯ ಮೇಲೆ ಬಿಟ್ಟ. ಅದು ಅಂಬೆಗಾಲಿಟ್ಟು ನೇರ ಅಜ್ಜಿಯ ಕುರ್ಚಿಯ ಕಡೆ ಹೋಗಿ, ಮೊಣಕಾಲು ಹಿಡಿದು ನಿಂತು, ಎತ್ತಿಕೋ ಎಂದು ಕೈ ಚಾಚಿತು. ಅತ್ತೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು.

"ಅಮ್ಮನ ಹತ್ರ ಹೋಗು ಕಂದ. ಈ ಮುದುಕಿ ಕೈಯಿಂದ ನೀನೂ ಜಾರೀಯ," ಅಂದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಸೋಮವಾರಕ್ಕೆ ಯಾರನ್ನಾದ್ರೂ ನೋಡ್ಕೊಳಮ್ಮ. ನಾನೂ ಇಲ್ಲೇ ಇರ್ತೀನಿ. ಎತ್ಕೊಳೋಕೆ ಮಾತ್ರ ಬೇರೆ ಯಾರಾದ್ರೂ ಇರ್ಲಿ," ಎಂದರು.

ಈಗ ಹೇಳಿಬಿಡಬಹುದಿತ್ತು. ಒಂದೇ ಒಂದು ವಾಕ್ಯ. ಅದು ಅವಳ ನಾಲಿಗೆಯ ತುದಿಗೆ ಬಂದು, ಮಗುವಿನ ಬಾಯಲ್ಲಿದ್ದ ಮಣಿಯ ಹಾಗೆ ಅಲ್ಲೇ ಕೂತಿತು.

"ನೋಡೋಣ ಅತ್ತೆ," ಎಂದಳು.

ಮೀನಿನ ಹೋಳುಗಳನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಕಸದ ಬುಟ್ಟಿಯ ತಳಕ್ಕೆ ಒತ್ತಿದಳು. ಅದರ ಮೇಲೆ ತರಕಾರಿ ಸಿಪ್ಪೆ ಹರಡಿದಳು. ಪಾತ್ರೆಯ ತಳದಲ್ಲಿ ಅಂಟಿದ್ದ ಹಳದಿ ಪೊರೆಯನ್ನು ಉಗುರಿನಿಂದ ಕೆರೆದು, ಕೆರೆದು ತೊಳೆದಳು. ಯಾರಿಗೂ ಹೇಳುವುದಿಲ್ಲ. ಗಂಡನಿಗಿಲ್ಲ, ಅತ್ತೆಗಿಲ್ಲ, ಪುಟ್ಟಿ ದೊಡ್ಡವಳಾದ ಮೇಲೂ ಇಲ್ಲ.