ಶಾವಂತ್ರವ್ವನ ಕೈಗೆ ಹತ್ತಿದ್ದು

ಶಾವಂತ್ರವ್ವನ ಅಂಗೈ ಸದಾ ಹಳದಿ. ಆಕೆ ನಮ್ಮ ಆಸ್ಪತ್ರೆಯ ಹೆರಿಗೆ ಕೋಣೆಯ ಆಯಾ. ಬಾಣಂತಿಯರಿಗೆ ಅರಿಸಿನ ಹಚ್ಚುವ ಕೈ ತಾನೇ ಎಂದು ನಾನು ಅದರ ಗೊಡವೆಗೇ ಹೋಗಿರಲಿಲ್ಲ. ಅಲ್ಲೇ ಎಡವಿದೆ.

ಆಗ ನನಗೆ ಒಂದೇ ಹುಚ್ಚು. ಬಸಿರಿನಲ್ಲಿ ಬಿಪಿ ಏರಿ, ಮುಖ ಊದಿ, ಫಿಟ್ಸ್ ಬಂದು ತಾಯಂದಿರು ಕಣ್ಣೆದುರೇ ಹೋಗಿಬಿಡುತ್ತಿದ್ದರು. ಆ ನಂಜಿನ ಬೇರು ಹೊಟ್ಟೆಯೊಳಗೆ ಕೂಸಿಗೆ ಉಣಿಸುವ ಮಾಸಿನಲ್ಲೇ ಇದೆಯೆಂದು ನಾನು ತೋರಿಸಬೇಕಿತ್ತು. ಹೆರಿಗೆಯಾದ ಮೇಲೆ, ಮನೆಯವರು ಒಪ್ಪಿದರೆ, ಮಾಸನ್ನು ಹಸಿಯಾಗಿಯೇ ನನ್ನ ಲ್ಯಾಬಿಗೆ ತಲುಪಿಸುವುದು ಶಾವಂತ್ರವ್ವನ ಕೆಲಸ. ನಲವತ್ತು ಪರೀಕ್ಷಿಸಿದೆ. ಒಂದಕ್ಕೊಂದು ತಾಳೆಯಾಗಲಿಲ್ಲ. "ಈ ತಿಂಗಳು ಏನಾದರೂ ಸಿಕ್ಕರೆ ಸರಿ, ಇಲ್ಲವಾದರೆ ಲ್ಯಾಬಿಗೆ ಬೀಗ," ಎಂದರು ಮುಖ್ಯಸ್ಥ ಡಾ. ಕುಂದರಗಿ.

ಒಂದು ಬೆಳಿಗ್ಗೆ ನಾನೇ ಹೆರಿಗೆ ಕೋಣೆಗೆ ಹೋದೆ. ಶಾವಂತ್ರವ್ವ ಬೋಗುಣಿಯಲ್ಲಿ ಬಿಸಿನೀರಿಗೆ ಅರಿಸಿನ ಕಲಸಿ, ಮಾಸಿಗೆ ಸ್ನಾನ ಮಾಡಿಸುತ್ತಿದ್ದಳು! ಹಳದಿ ಅಂಗೈಯ ಗುಟ್ಟು ಆಗ ತಿಳಿಯಿತು.

"ಅಯ್ಯೋ, ಏನು ಮಾಡ್ತಿದ್ದೀ?"

"ಕೂಸಿನ ಸಂಗಾಟ ಒಂಬತ್ತು ತಿಂಗಳು ಇದ್ದದ್ದರೀ ಬಾಯಾರ. ಮೈಮ್ಯಾಲ ನೀರು ಹಾಕದ ಹ್ಯಾಂಗ ಕಳಸೂದು?"

ಬಿಸಿನೀರು, ಅರಿಸಿನ ತಗುಲಿದ ಆ ನಲವತ್ತು ತಾಳೆಯಾಗುವುದಾದರೂ ಹೇಗೆ? ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ಬಾಯಿಗೆ ಬಂದಂತೆ ಬೈದೆ; ಇಂದಿಗೂ ಅದಕ್ಕೆ ನಾಚಿಕೆಯಿದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ತಪ್ಪಾತ್ರೀ. ಆದ್ರ ಇದರ ತಾಯಿಗೆ ಬಿಪಿ ಭಾಳ ಇತ್ತಲ್ಲರೀ?"

ಇತ್ತು. "ನಿನಗೆ ಯಾರು ಹೇಳಿದರು?"

"ಕೈಗೆ ಹತ್ತತೈತ್ರೀ. ಬಿಪಿ ಇದ್ದವರದು ಸಣ್ಣದು, ನಡನಡುವ ಗಂಟು. ಉಳಿದವರದು ಮೆತ್ತಗ."

ಮರುವಾರ ಪಕ್ಕದೂರಿನ ಆಸ್ಪತ್ರೆಯಿಂದ ತೊಳೆಯದ ಹನ್ನೆರಡು ಮಾಸು ತರಿಸಿ, ತಟ್ಟೆಗಳಲ್ಲಿ ಸಾಲಾಗಿ ಇಟ್ಟೆ. ಆ ತಾಯಂದಿರ ಮುಖ ಕೂಡ ಶಾವಂತ್ರವ್ವ ಕಂಡಿರಲಿಲ್ಲ. ಕೇಸ್ ಶೀಟುಗಳು ಕುಂದರಗಿಯವರ ಕೈಯಲ್ಲಿದ್ದವು. ಆಕೆ ಒಂದೊಂದನ್ನೇ ಒತ್ತಿ ನೋಡಿ, "ಇದು ಬಿಪಿ, ಇದಲ್ಲ," ಎನ್ನುತ್ತಾ ಹೋದಳು. ಹನ್ನೆರಡಕ್ಕೆ ಹನ್ನೆರಡೂ ಸರಿ! ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು. ಗಂಟು ಸಿಕ್ಕಲ್ಲಿ ತುಣುಕು ತೆಗೆದು ನೋಡಿದರೆ, ರಕ್ತ ಹರಿಯದೆ ಸತ್ತ ಭಾಗ. ನಾನು ಹುಡುಕುತ್ತಿದ್ದುದು ಅದೇ. ಬೀಗದ ಮಾತು ಮತ್ತೆ ಬರಲಿಲ್ಲ.

ಪ್ರಬಂಧ ಅಚ್ಚಿಗೆ ಹೋಗುವಾಗ ಕುಂದರಗಿಯವರು, "ಆಯಾ ಹೆಸರು ಕೊನೆಯಲ್ಲಿ, ಕೃತಜ್ಞತೆಯಲ್ಲಿ ಇದ್ದರೆ ಸಾಕು," ಎಂದರು.

"ಹಾಗಾದರೆ ನನ್ನ ಹೆಸರೂ ಅಲ್ಲೇ ಇರಲಿ ಸರ್."

ಅವರು ಕರಡನ್ನು ನನ್ನತ್ತ ತಳ್ಳಿದರು.

ಪತ್ರಿಕೆ ಬಂದ ದಿನ ಶಾವಂತ್ರವ್ವನನ್ನು ಪಕ್ಕಕ್ಕೆ ಕೂರಿಸಿಕೊಂಡು ಪುಟ ತೆರೆದೆ. ಆಕೆಗೆ ಓದು ಬಾರದು.

"ನಂದ್ಯಾವುದ್ರೀ?"

ನನ್ನ ಹೆಸರಿನ ಪಕ್ಕದ್ದನ್ನು ತೋರಿಸಿದೆ.

"ದೊಡ್ಡ ಡಾಕ್ಟರದು?"

"ನಿನ್ನದಾದ ಮೇಲೆ."

ವಾರ್ಡಿನಿಂದ ಯಾರೋ ಆಕೆಯನ್ನು ಕೂಗಿದರು. ಕರೆದವರನ್ನು ಆಕೆ ಕಾಯಿಸಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ. "ಬಂದೆ, ತಡೀರಿ," ಎಂದಳು. ಹೆಸರಿನ ಮೇಲಿಟ್ಟ ಬೆರಳು ಎತ್ತಲಿಲ್ಲ.