ದೊಡ್ಡಕ್ಕನ ಹೌದ್ರಿ

ಎದುರಿನವರ ಪ್ರಶ್ನೆ ಮುಗಿಯುವ ಮೊದಲೇ ದೊಡ್ಡಕ್ಕನ ಬಾಯಿಂದ ‘ಹೌದ್ರಿ’ ಹೊರಟುಬಿಡುತ್ತಿತ್ತು. ಬೊಮ್ಮನಹಾಳಿನಿಂದ ರಾಯದುರ್ಗದ ಜೀನ್ಸ್ ಹೊಲಿಗೆ ಘಟಕಕ್ಕೆ ಮುಂಜಾನೆಯ ಬಸ್ಸಿನಲ್ಲಿ ಬರುವ ಈ ಹೆಂಗಸು, ಕಂಡಕ್ಟರು ಗದರಿದರೂ ಹೌದ್ರಿ, ಗೇಟಿನ ಕಾವಲುಗಾರ ತಡವಾಯಿತೆಂದರೂ ಹೌದ್ರಿ, ತಡವಾಗಿರದಿದ್ದರೂ ಹೌದ್ರಿ. ನಡಿಗೆಯೂ ಅಂಥದ್ದೇ: ಹಿಂದಿನಿಂದ ಯಾರಾದರೂ ಕರೆದಾರೆಂಬಂತೆ ಹೆಗಲು ಕುಗ್ಗಿಸಿ, ಗೋಡೆಯ ಅಂಚಿನಲ್ಲೇ ಸರಸರನೆ ಸಾಗುವುದು. ಮಿಷನ್ನಿನ ಮುಂದೆ ಕೂತಾಗ ಮಾತ್ರ ಆ ಹೆಗಲು ಬಿಚ್ಚಿಕೊಳ್ಳುತ್ತಿತ್ತು. ದಪ್ಪ ಬಟ್ಟೆಯ ಮೇಲೆ ಅವಳ ಹೊಲಿಗೆ ಕಿಂಚಿತ್ತೂ ಅಳುಕಿಲ್ಲದೆ ಓಡುತ್ತಿತ್ತು.

ಇಂಥವಳನ್ನು ಮ್ಯಾನೇಜರ್ ಕಿರಣ್ ಕುಮಾರ್ ಒಂದು ದಿನ ಕರೆದು, ಅಳತೆ ಮೀರಿದ ಕೋಟೊಂದನ್ನು ಕೈಗಿಟ್ಟ.

“ಇವತ್ತಿಂದ ನೀ ಸೂಪರ್‌ವೈಜರ್, ದೊಡ್ಡಕ್ಕಾ. ಸೂಪರ್‌ವೈಜರಿಗೆ ಓಟಿ ಇರಂಗಿಲ್ಲ, ಗೊತ್ತಾತಲ್ಲ?”

“ಹೌದ್ರಿ.”

ಪದವಿ ಬಂತು, ಸಂಬಳ ಏರಲಿಲ್ಲ. ಶಿಫ್ಟ್ ಮುಗಿದ ಮೇಲೂ ಕೋಟು ಕಳಚಿ, ಹಳೆಯ ಮಿಷನ್ನಿನಲ್ಲೇ ಹಿಂದಿನಂತೆ ಪ್ಯಾಂಟಿನ ಜೇಬು ಹೊಲಿಯುವುದು ತಪ್ಪಲಿಲ್ಲ. ನಿಂತದ್ದು ಓಟಿ ಎಂಬ ಓವರ್‌ಟೈಮಿನ ಹಣವೊಂದೇ, ಮಗಳು ಅರ್ಚನಾಳ ನರ್ಸಿಂಗ್ ಓದು ನಡೆಯುತ್ತಿದ್ದುದೂ ಅದೊಂದರಿಂದಲೇ. ಕೇಳಿಯೇಬಿಡೋಣವೆಂದು ಎಷ್ಟೋ ಸಲ ಆಫೀಸಿನ ಬಾಗಿಲವರೆಗೆ ಹೋದಳು. ಅಲ್ಲಿ, ಪಕ್ಕದ ಮಿಷನ್ನಿನಲ್ಲಿ ಹೊಲಿಯುತ್ತಿದ್ದ ಮೀನಾಕ್ಷಿಯ ನೆನಪಾಗಿ ಹಿಂದಿರುಗಿದಳು. ಹಿಂದೊಮ್ಮೆ “ನಮ್ಮ ಓಟಿ ಯಾಕ ಹಿಡಿದ್ರಿ?” ಎಂದು ಕೇಳಿದ್ದ ಮೀನಾಕ್ಷಿಗೆ ಮರುದಿನ ಗೇಟಿನಲ್ಲೇ “ನಿನಗ ಮಿಷನ್ ಖಾಲಿ ಇಲ್ಲವ್ವಾ” ಎಂಬ ಉತ್ತರ ಸಿಕ್ಕಿತ್ತು. ಅಂದಿನಿಂದ ದೊಡ್ಡಕ್ಕನಿಗೆ ಗೇಟಿನ ಅಗುಳಿ ಸದ್ದಾದರೂ ಭಯ, ಬುತ್ತಿ ಬಿಚ್ಚಿ ಕೂತರೆ ತುತ್ತು ಇಳಿಯದು.

ಲೇಬರ್ ಆಫೀಸರ್ ಬರುವ ದಿನ ಕಿರಣ್ ಕುಮಾರ್ ಅವಳಿಗೆ ಪಾಠ ಹೇಳಿಕೊಟ್ಟ: ಕೋಟು ತೆಗೆಯಬಾರದು, ಕೈ ಜೇಬಿನಲ್ಲಿರಬೇಕು, ಮಿಷನ್ ಮುಟ್ಟುವುದಿಲ್ಲ ಎನ್ನಬೇಕು. ಜೀನ್ಸಿನ ನೀಲಿ ಅವಳ ಬೆರಳುಗಳಿಗೆ ಎಷ್ಟು ತಿಕ್ಕಿದರೂ ಬಿಡದಂತೆ ಹತ್ತಿತ್ತು. ಬಂದವರು ಮಡಕಶಿರಾ ಕಡೆಯ ಹೆಂಗಸು, ಮೆಲುಮಾತಿನವರು.

“ನೀವು ಸೂಪರ್‌ವೈಜರಾ ಅಮ್ಮಾ?”

“ಹೌದ್ರಿ.”

“ಶಿಫ್ಟ್ ಮುಗಿದ ಮೇಲೂ ಇರ್ತೀರಾ?”

“ಹೌದ್ರಿ.”

“ಮಿಷನ್ ಮೇಲೆ ಕೂತು ಹೊಲೀತೀರಾ?”

“ಹೌದ್ರಿ.”

ಬಾಯಿಂದ ಜಾರಿದ ಮೇಲೆ ಅವಳಿಗೆ ಅರಿವಾಯಿತು. ‘ಇಲ್ರಿ’ ಎನ್ನಲು ಕಲಿಸಿದ್ದೇನೋ ನಿಜ, ಆ ನಾಲಗೆಗೆ ಅದರ ರೂಢಿಯೇ ಇರಲಿಲ್ಲ. ಕಿರಣ್ ಕುಮಾರ್ ನಗುವನ್ನು ಮುಖಕ್ಕೆ ತಂದುಕೊಂಡು ಮುಂದೆ ಬಂದ.

“ಗಾಬರಿಬಿದ್ದು ತಪ್ಪು ಹೇಳ್ದಿ, ಅಲ್ಲೇನು ದೊಡ್ಡಕ್ಕಾ?”

ಎಂದಿನ ಉತ್ತರ ಗಂಟಲವರೆಗೆ ಬಂತು. ಗೇಟಿನಾಚೆ ನಿಂತ ಮೀನಾಕ್ಷಿ ಕಣ್ಣಮುಂದೆ ಬಂದಳು, ಅರ್ಚನಾಳೂ ಬಂದಳು. ದೊಡ್ಡಕ್ಕ ಹಲ್ಲು ಕಚ್ಚಿ, ಆ ಒಂದು ಮಾತನ್ನು ಒಳಗೇ ಹಿಡಿದು, ನಡುಗುವ ಕೈಗಳನ್ನು ಜೇಬಿನಿಂದ ಹೊರತೆಗೆದಳು.

ಆಫೀಸರಮ್ಮ ಆ ನೀಲಿ ಬೆರಳುಗಳನ್ನು ನೋಡಿದರು. “ಕೋಟು ಕೊಟ್ಟ ಮಾತ್ರಕ್ಕೆ ಓಟಿ ಹೋಗಲ್ಲ ಸಾರ್. ಕೆಲಸ ಅದೇ ಐತಲ್ಲ, ಓಟಿನೂ ಕೊಡಬೇಕು.”

ಮರುದಿನ ದೊಡ್ಡಕ್ಕ ಗೋಡೆಯ ಅಂಚಿನಲ್ಲೇ ಗೇಟಿಗೆ ಬಂದಳು. ಕಾವಲುಗಾರ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಇವತ್ತೂ ಬಂದೀಯೇನು?”

“ಹೌದ್ರಿ.”

ಆಫೀಸಿನತ್ತ ಒಮ್ಮೆ ಕಣ್ಣು ಹಾಯಿಸಿ, ಅವನು ಅಗುಳಿ ಸರಿಸಿದ. ಎದೆಯುಬ್ಬಿಸಿ ನಿಲ್ಲುವುದು ಇಂಥವರಿಗೆ ಎಂದೂ ಒಗ್ಗುವುದಿಲ್ಲ. ಅವರ ಧೈರ್ಯ ನಡುಗುತ್ತಲೇ ಬರುತ್ತದೆ, ಗೇಟು ತೆರೆದೀತೋ ಇಲ್ಲವೋ ತಿಳಿಯದೆಯೂ ಮಧ್ಯಾಹ್ನದ ಬುತ್ತಿ ಕಟ್ಟಿಕೊಂಡೇ ಬರುತ್ತದೆ.