ಬರೀ ಕಾಲರು

ಇಂಗ್ಲಿಷರ ನಾಡಿನ ಇಲ್ಫರ್ಡಿನ ಸಾಲುಮನೆಯೊಂದರ ಮುಂದಿನ ಕೋಣೆಯಲ್ಲಿ ಕೂತು ಸುಶೀಲಾಬಾಯಿ ವರ್ಷಗಟ್ಟಲೆ ಬಟ್ಟೆ ಹೊಲಿದಳು. ಗುತ್ತಿಗೆದಾರ ವ್ಯಾನಿನಲ್ಲಿ ತಂದು ಹಾಕಿದ ತುಂಡುಗಳು ಅವಳ ಕೈಯಲ್ಲಿ ಇಡೀ ಫ್ರಾಕುಗಳಾಗುತ್ತಿದ್ದವು. ನಡುವೆ ಎದ್ದು ಬೇಳೆ ಬೇಯಿಸುವಳು, ಪುಟ್ಟ ಮಗಳು ಸೃಷ್ಟಿಗೆ ಜಡೆ ಹಾಕುವಳು. ಪಕ್ಕದ ಮನೆಯ ನಾಗವ್ವನದೂ ಅದೇ ಕೆಲಸ. ಮಧ್ಯಾಹ್ನ ಬಂದು, ಗುಂಡಿ ಹಚ್ಚುತ್ತ, ಬಿಟ್ಟುಬಂದ ಬಿಜಾಪುರದ ಸುದ್ದಿ ಹೇಳುತ್ತ ಕೂಡುತ್ತಿದ್ದಳು.

ತೊಂಬತ್ತಾರರ ಚಳಿಗಾಲದಲ್ಲಿ ವ್ಯಾನು ಬರುವುದು ನಿಂತಿತು. ಗುತ್ತಿಗೆದಾರ ಬಾರ್ಕಿಂಗ್ ಕಡೆ ಶೆಡ್ಡು ಹಿಡಿದು ದೊಡ್ಡ ಮಶೀನುಗಳನ್ನು ಹಾಕಿಸಿದ್ದ. ಕೆಲಸ ಬೇಕಾದವರು ಅಲ್ಲಿಗೇ ಬರಬೇಕೆಂದ. ಇಬ್ಬರೂ ಹೋದರು.

ಅಲ್ಲಿ ಇಡೀ ಫ್ರಾಕು ಯಾರಿಗೂ ಇಲ್ಲ. ಸುಶೀಲಾಬಾಯಿಯದು ಬರೀ ಕಾಲರು, ಅವಳು ಮುಗಿಸಿದ ಬಟ್ಟೆ ಸಾಗುವ ಮುಂದಿನ ಮಶೀನಿನ ನಾಗವ್ವನದು ತೋಳು. ಗಂಟೆ ಹೊಡೆದರೆ ಊಟ, ಮತ್ತೆ ಹೊಡೆದರೆ ಕೆಲಸ. ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ಸೃಷ್ಟಿ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸೊಬ್ಬಳ ಮನೆಯಲ್ಲಿ ಇರತೊಡಗಿದಳು. ಬರಬರುತ್ತ ತಾಯಿಯ ಮಾತಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು.

ನಾಗವ್ವನ ಬೆರಳುಗಳು ಬಾತವು. ಅವಳ ಮುಂದೆ ಬಟ್ಟೆ ಗುಡ್ಡೆ ಬೀಳುವುದನ್ನು ನೋಡಲಾರದೆ ಸುಶೀಲಾಬಾಯಿ ಬೇಕೆಂದೇ ನಿಧಾನ ಮಾಡಿದಳು. ಮೇಲ್ವಿಚಾರಕಿ ಕಂಡುಹಿಡಿದು ಎಲ್ಲರೆದುರು ಬೈದಳು.

ಬಸ್ ಸ್ಟಾಪಿನಲ್ಲಿ ನಾಗವ್ವ ಸುಶೀಲಾಬಾಯಿಯ ಕೈ ಹಿಡಿದಳು. "ನನ್ನ ಸಲುವಾಗಿ ನಿನ್ನ ಕೆಲಸ ಕಳಕೋಬ್ಯಾಡ. ನಾಳಿಂದ ಮೊದಲಿನಂಗ ಹೊಲಿ."

"ನಿಮ್ಮನ್ನ ತಗದಬಿಡ್ತಾರಕ್ಕಾ."

"ಇವತ್ತಲ್ಲ ನಾಳೆ ತಗದ ತಗೀತಾರ. ನೀ ಹೊಲಿ."

ಸುಶೀಲಾಬಾಯಿ ಹೊಲಿದಳು. ವಾರದೊಳಗೆ ನಾಗವ್ವನನ್ನು ಕೆಲಸದಿಂದ ತೆಗೆದರು. ಅವಳು ದೂರದ ಹ್ಯಾರೋದಲ್ಲಿದ್ದ ಮಗನ ಮನೆ ಸೇರಿದಳು. ಭಾನುವಾರ ಹೋಗಿ ನೋಡಿಬರಬೇಕೆಂದು ಸುಶೀಲಾಬಾಯಿ ಅಂದುಕೊಳ್ಳುವಳು. ಭಾನುವಾರ ಬಂದರೆ ಬೆನ್ನು ಏಳಗೊಡುತ್ತಿರಲಿಲ್ಲ. ಹೀಗೇ ವರ್ಷಗಳು ಹೋದವು.

ಎರಡು ಸಾವಿರದ ಮೂರರಲ್ಲಿ ನಾಗವ್ವ ತೀರಿಕೊಂಡಳು. ಅಂತ್ಯಕ್ರಿಯೆಗೆ ರಜೆ ಕೇಳಿದರೆ, ಸೀಸನ್ನಿನಲ್ಲಿ ಆಗುವುದಿಲ್ಲವೆಂದು ಮೇಲ್ವಿಚಾರಕಿ ತಲೆ ಅಲ್ಲಾಡಿಸಿದಳು. ಸುಶೀಲಾಬಾಯಿ ಶುಕ್ರವಾರ ಕೆಲಸಕ್ಕೆ ಹೋಗದೆ ಹ್ಯಾರೋಗೆ ಹೋದಳು.

"ಅವ್ವ ನಿಮ್ಮ ದಾರಿ ನೋಡತಿದ್ಲು," ಎಂದ ಮಗ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಸೋಮವಾರ ಅವಳ ಮಶೀನಿನ ಮುಂದೆ ಬೇರೊಬ್ಬಳು ಕೂತಿದ್ದಳು. ಸುಶೀಲಾಬಾಯಿ ಮನೆಗೆ ಮರಳಿ ಮುಂದಿನ ಕೋಣೆಯಲ್ಲಿ ಕೂತಳು. ಶಾಲೆಯಿಂದ ಬಂದ ಸೃಷ್ಟಿ ಬಾಗಿಲಲ್ಲೇ ನಿಂತು, "ಅಮ್ಮಾ, ಆರ್ ಯೂ ಇಲ್?" ಎಂದು ಕೇಳಿದಳು.

"ಇಲ್ಲವ್ವಾ. ನಾಗವ್ವಕ್ಕ ಹೋದ್ರು."

ಸೃಷ್ಟಿ ತುಸು ಹೊತ್ತು ಯೋಚಿಸಿದಳು. ಯಾರೆಂದು ಅವಳಿಗೆ ನೆನಪಾಗಲಿಲ್ಲ.